ಕಾರ್ತಿಕದ ಹತ್ತಿಹಾಲು

ನನ್ನ ತಮ್ಮ ಆ ಮಾತು ಹೇಳಿದಾಗ ನಾನು ರುಬ್ಬಿದ ಹತ್ತಿಕಾಳನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡುತ್ತಿದ್ದೆ. ಮೊಣಕೈವರೆಗೂ ಹಾಲು ಇಳಿದಿತ್ತು. ಆ ಹಾಲಿಗೆ ಬೆಲ್ಲ, ಒಂದು ಚೂರು ಶುಂಠಿ, ಎರಡು ಚಮಚ ಅಕ್ಕಿಹಿಟ್ಟು ಹಾಕಿ ಕಾಯಿಸಿದರೆ ಅದೇ ಹತ್ತಿಹಾಲು. ಒಳಗಿನ ಕೋಣೆಯಲ್ಲಿ ನನ್ನ ಮಗಳು ಬಾಣಂತಿಯಾಗಿ ಮಲಗಿದ್ದಳು. ಎದೆಹಾಲು ಚೆನ್ನಾಗಿ ಬರಲಿ ಎಂದು ಹನ್ನೊಂದನೇ ದಿನದಿಂದ ಅವಳಿಗೆ ದಿನಾ ಬೆಳಿಗ್ಗೆ ಒಂದು ಲೋಟ ಕೊಡುತ್ತಿದ್ದೆ. ನಾನು ಬಾಣಂತಿಯಾಗಿದ್ದಾಗ ನನ್ನ ಅವ್ವ ನನಗೆ ಕೊಟ್ಟಿದ್ದಳು, ಅವ್ವನಿಗೆ ಅವಳ ಅವ್ವ ಕೊಟ್ಟಿದ್ದಳು.

ತಮ್ಮ ಎಚ್.ಡಿ. ಕೋಟೆ ಕಡೆಯ ನಮ್ಮ ಊರಿನಿಂದ ಮಗು ನೋಡಲು ಬಂದಿದ್ದ. ಅಲ್ಲಿ ಅವನಿಗೆ ಹತ್ತಿ ಹೊಲ ಇದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಾ ನನ್ನ ಕೈ ನೋಡಿದ.

"ಅದೇನಕ್ಕ, ನಾ ಕೊಟ್ಟ ಅತ್ತಿ ಕಾಳಾ?"

"ಹೂಂ ಕಣೋ. ಬತ್ತಿಗೆ ಅಂತ ಬಿಡಿಸಿದ್ದು."

"ಯಾರ್ಗೆ ಅದು?"

"ಇನ್ಯಾರಿಗೆ, ಬಾಣಂತಿಗೆ."

ಅವನು ಲೋಟ ಕಟ್ಟೆಯ ಮೇಲಿಟ್ಟ. ಆಮೇಲೆ ತಪ್ಪು ಅವನದೇ ಎಂಬಂತೆ ಮೆಲ್ಲಗೆ, "ಅದು ಬಿಟಿ ಅತ್ತಿ ಕಣಕ್ಕ," ಎಂದ.

ಬಟ್ಟೆ ಕೈಯಿಂದ ಜಾರಿ ಪಾತ್ರೆಯೊಳಗೆ ಬಿತ್ತು. ನಾನು ಅದನ್ನು ಎತ್ತಲಿಲ್ಲ.

ಆ ಮಾತು ಬೇರೆ ಯಾವ ಮನೆಯಲ್ಲಿ ಹೇಳಿದ್ದರೂ ಇಷ್ಟು ತಟ್ಟುತ್ತಿರಲಿಲ್ಲ. ನಾನು ಯಾರು ಎಂಬುದನ್ನು ಮೊದಲು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮೈಸೂರಿನ ಶ್ರೀರಾಂಪುರದಲ್ಲಿ ಮನೆ. ಬಾಯಿ ಜೋರು. ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟುವವರನ್ನು ಒಂದೇ ಮಾತಿನಲ್ಲಿ ಕೂರಿಸುವುದು ನನಗೆ ಕರಗತವಾದ ವಿದ್ಯೆ, ನಿವೃತ್ತಿಯಾದ ಮೇಲೂ ಅದು ಬಿಟ್ಟುಹೋಗಲಿಲ್ಲ. ಆ ವಿದ್ಯೆಯನ್ನೇ ಹಿಡಿದುಕೊಂಡು ನಾನು ಕುಲಾಂತರಿ ಆಹಾರದ ವಿರುದ್ಧ ಹೊರಟೆ.

ಶುರುವಾದದ್ದು ಬದನೆಕಾಯಿಯಿಂದ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ಗುಣವನ್ನು ತೆಗೆದು ಬದನೆ ಗಿಡಕ್ಕೆ ಸೇರಿಸುತ್ತಾರಂತೆ, ಕಾಯಿ ಕೊರೆಯುವ ಹುಳ ಅದನ್ನು ತಿಂದರೆ ಸಾಯುತ್ತದಂತೆ, ಅದಕ್ಕೆ ಬಿಟಿ ಬದನೆ ಎನ್ನುತ್ತಾರಂತೆ ಎಂದು ಊರೆಲ್ಲ ಗದ್ದಲವಾದ ಕಾಲವದು. ನಮ್ಮ ಮೈಸೂರಿನವರಿಗೆ ಬದನೆಕಾಯಿ ಎಂದರೆ ತರಕಾರಿ ಮಾತ್ರ ಅಲ್ಲ. ಈರನಗೆರೆ ಬದನೆಯಿಲ್ಲದ ವಾಂಗಿಬಾತ್ ನಮ್ಮ ಮನೆಯಲ್ಲಿ ವಾಂಗಿಬಾತೇ ಅಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಆ ಬದನೆಯನ್ನು ಸರ್ಕಾರ ತಡೆಹಿಡಿಯಿತು, ನನ್ನ ಉರಿ ಮಾತ್ರ ಇಳಿಯಲಿಲ್ಲ. ಸಾಸಿವೆಯ ಮಾತು ಬಂತು, ಈಚೆಗೆ ಭತ್ತದ ಮಾತು ಬಂತು. ಪ್ರತಿಯೊಂದಕ್ಕೂ ನಾನು ಸಿದ್ಧಳಾಗಿ ನಿಂತೆ. ಗಂಡ ಮಾತ್ರ ಪತ್ರಿಕೆಯ ಹಿಂದಿನಿಂದಲೇ, "ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನೋ ಗಾದೆ ನಿನ್ನ ನೋಡೇ ಮಾಡಿರ್ಬೇಕು," ಎಂದು ಚುಚ್ಚುತ್ತಿದ್ದರು. ನಾನು ನಗುತ್ತಿದ್ದೆ. ಗಾದೆ ನಿಜವಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು.

ಅಗ್ರಹಾರದ ಒಂದು ಹಳೇ ಛತ್ರದ ಅಂಗಳದಲ್ಲಿ ನಾವು ಕೆಲವರು ಭಾನುವಾರದ ಸಾವಯವ ಸಂತೆ ನಡೆಸುತ್ತೇವೆ. ನಾನು ಅಲ್ಲಿ ಹುಳಿಪುಡಿ, ಚಟ್ನಿಪುಡಿ, ವಾಂಗಿಬಾತ್ ಪುಡಿ ಮಾರುತ್ತೇನೆ. ನನ್ನ ಮೇಜಿನ ಹಿಂದೆ ಒಂದು ಬೋರ್ಡು. "ಇಲ್ಲಿ ಸಿಗುವುದೆಲ್ಲ ಕುಲಾಂತರಿ ಮುಕ್ತ." ಬರೆದದ್ದು ನಾನೇ, ಹಸಿರು ಬಣ್ಣದಲ್ಲಿ. ಕರಿಹಲಗೆಯ ಮೇಲೆ ಬರೆದೂ ಬರೆದೂ ನನ್ನ ಅಕ್ಷರ ದುಂಡಗಿದೆ. ನೋಡಿದವರೆಲ್ಲ ಹೊಗಳುತ್ತಿದ್ದರು.

ಆ ಛತ್ರದಲ್ಲೇ ಎರಡು ವರ್ಷದ ಹಿಂದೆ ಒಂದು ಸಭೆ ಆಯಿತು. ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ನಾನು ಮೈಕ್ ಹಿಡಿದಿದ್ದೆ. "ಹುಳ ತಿಂದರೆ ಸಾಯೋ ಬದನೆಕಾಯಿನ ನಾವ್ಯಾಕ್ರೀ ತಿನ್ನಬೇಕು?" ಎಂದೆ, ಚಪ್ಪಾಳೆ ಬಿತ್ತು. ಮುಂದಿನ ಸಾಲಿನಿಂದ ಒಬ್ಬರು, "ಬಿಟಿ ಹತ್ತಿ ಆಗಲೇ ಬಂದುಬುಟ್ಟಿದೆಯಲ್ಲ ಮೇಡಂ?" ಎಂದು ಕೇಳಿದರು. ನನ್ನ ಬಳಿ ಉತ್ತರ ಸಿದ್ಧವಿತ್ತು. "ಹತ್ತಿ ಉಡೋದು ಕಣ್ರೀ, ತಿನ್ನೋದಲ್ಲ. ಬಟ್ಟೆ ಬೇರೆ, ತಟ್ಟೆ ಬೇರೆ." ಇನ್ನೊಂದು ಚಪ್ಪಾಳೆ.

ಆಗ ಮೂರನೇ ಸಾಲಿನಿಂದ ನನ್ನ ಮಗಳು ಎದ್ದು ನಿಂತಳು. ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಆಹಾರ ಪದಾರ್ಥ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ನನಗೂ ಅವಳಿಗೂ ಈ ವಿಷಯಕ್ಕೆ ಆಗಾಗ ಜಟಾಪಟಿ ನಡೆಯುತ್ತಿತ್ತು. ಪರೀಕ್ಷೆ ಮಾಡದೆ ಬೇಡ ಅನ್ನೋದೂ ತಪ್ಪು, ಪರೀಕ್ಷೆ ಮಾಡದೆ ಬೇಕು ಅನ್ನೋದೂ ತಪ್ಪು ಎಂಬುದು ಅವಳ ವಾದ. ನನಗೆ ಅದು ಗೋಡೆಯ ಮೇಲೆ ಕೂತು ಆಡುವ ಮಾತು ಅನ್ನಿಸುತ್ತಿತ್ತು. ಸಭೆಯಲ್ಲಿ ಅವಳು, "ಅಮ್ಮ, ಒಂದು ಪ್ರಶ್ನೆ ಇತ್ತು. ನಮ್ಮನೇಲಿ..." ಎಂದು ಶುರುಮಾಡಿದಳು. ನನ್ನ ಮಗಳು ನೂರು ಜನರ ಎದುರಿಗೆ ನನ್ನನ್ನೇ ಪ್ರಶ್ನೆ ಕೇಳುತ್ತಾಳೆ ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಲ್ಯಾಬಿಗೆ ಯಾರು ದುಡ್ಡು ಕೊಡ್ತಾರೆ ಅಂತ ಮೊದ್ಲು ಹೇಳು, ಆಮೇಲೆ ಪ್ರಶ್ನೆ ಕೇಳುವಂತೆ," ಎಂದೆ.

ಸಭೆಯೆಲ್ಲ ನಕ್ಕಿತು. ಅವಳು ಕೂತುಕೊಂಡಳು.

ಅವತ್ತಿನಿಂದ ಅವಳು ನನ್ನ ಜೊತೆ ಜಗಳವಾಡುವುದನ್ನೇ ಬಿಟ್ಟಳು. ಅದನ್ನು ನಾನು ಗೆಲುವೆಂದು ತಿಳಿದಿದ್ದೆ, ನಾಚಿಕೆಯಾಗುತ್ತದೆ ಈಗ ಹೇಳಲು. ಅದೇ ವರ್ಷ ಮದುವೆಯಾಯಿತು, ಹುಬ್ಬಳ್ಳಿಗೆ ಹೋದಳು. ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ, ಅಷ್ಟೇ. ಬಸುರಿಯಾದಾಗ, ಬಾಣಂತನಕ್ಕೆ ಬರುತ್ತೀಯಾ ಎಂದು ಕೇಳಲು ನನಗೆ ಅಳುಕಾಯಿತು. ಸ್ವಂತ ಮಗಳನ್ನು ತವರಿಗೆ ಕರೆಯಲು ಅಳುಕು. ಅವಳು, "ಬರ್ತೀನಮ್ಮ, ಆದ್ರೆ ಒಂದು ಷರತ್ತು. ಬಿಟಿ, ಕುಲಾಂತರಿ, ನನ್ನ ಲ್ಯಾಬು, ಈ ಮಾತು ಮನೇಲಿ ಯಾರೂ ಎತ್ತಬಾರದು," ಎಂದಳು. ನಾನು ಮಾತು ಕೊಟ್ಟೆ. ಈ ಮೂರು ತಿಂಗಳಲ್ಲಿ ಅವಳನ್ನು ಹೇಗಾದರೂ ಮತ್ತೆ ಹತ್ತಿರ ಮಾಡಿಕೊಳ್ಳಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಾಯಲ್ಲಿ ಹಾಳು ಮಾಡಿಕೊಂಡದ್ದನ್ನು ಕೈಯಲ್ಲಿ ಸರಿಮಾಡಲು ಹೊರಟಿದ್ದೆ.

ಅದಕ್ಕೇ ಹತ್ತಿಹಾಲು.

ನಮ್ಮ ಮನೆಯಲ್ಲಿ ಒಂದು ವಾಡಿಕೆ ಇದೆ. ದೇವರ ದೀಪದ ಬತ್ತಿಗೆ ಹತ್ತಿಯನ್ನು ಅಂಗಡಿಯಿಂದ ತರುವುದಿಲ್ಲ, ತವರಿನ ಹೊಲದಿಂದ ಬರಬೇಕು. ದೀಪಾವಳಿಗೆ ಮುಂಚೆ ತಮ್ಮ ಒಂದು ಚೀಲ ಬಿಡಿಸದ ಹತ್ತಿ ತಂದುಕೊಡುತ್ತಾನೆ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿಕೊಂಡು, ಮಣೆಯ ಮೇಲೆ ಹತ್ತಿಯಿಟ್ಟು ಕಬ್ಬಿಣದ ಸಣ್ಣ ಕಡ್ಡಿ ಉರುಳಿಸಿ ಕಾಳು ಬೇರೆ ಮಾಡುತ್ತೇವೆ. ಅರಳೆಯಿಂದ ಹೂಬತ್ತಿ, ಗೆಜ್ಜೆವಸ್ತ್ರ. ಕಾಳನ್ನು ಬಿಸಾಡುವ ಹಾಗಿಲ್ಲ, ದೇವರಿಗೆ ಬಂದ ಹತ್ತಿಯದು. ಕಾರ್ತಿಕದಲ್ಲಿ ಅದನ್ನು ರುಬ್ಬಿ ಹಾಲು ತೆಗೆದು ಮನೆಮಂದಿಯೆಲ್ಲ ಕುಡಿಯಬೇಕು. ಮನೆಯಲ್ಲಿ ಬಾಣಂತಿಯಿದ್ದರೆ ಅವಳಿಗೆ ಮೊದಲು. ನನ್ನ ಮಗಳು ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ಕಾಳು ಎಣಿಸುತ್ತಿದ್ದಳು, ಹಾಲು ಕುಡಿದು ಮೀಸೆ ಮಾಡಿಕೊಂಡು ಕನ್ನಡಿ ನೋಡುತ್ತಿದ್ದಳು.

ದೇವರ ದೀಪಕ್ಕೆ ಬರುವ ಹತ್ತಿ, ನಮ್ಮ ಹೊಲದ್ದು, ತಮ್ಮ ಕೈಯಾರೆ ತಂದದ್ದು. ಅದನ್ನು ಯಾವ ತಳಿ ಎಂದು ಕೇಳುವುದು ನನ್ನ ತಲೆಗೇ ಹೋಗಲಿಲ್ಲ. ಹೋಟೆಲಿನ ಮಾಣಿಯನ್ನು ಎಣ್ಣೆ ಯಾವುದು ಎಂದು ಪೀಡಿಸಿದವಳು, ಅಂಗಡಿಯಲ್ಲಿ ಬಿಸ್ಕೆಟ್ ಪೊಟ್ಟಣ ತಿರುಗಿಸಿ ತಿರುಗಿಸಿ ಓದಿದವಳು, ತಮ್ಮನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಹತ್ತಿ ಉಡೋದು ಎಂದು ಸಭೆಯಲ್ಲಿ ಹೇಳಿದ ಬಾಯಲ್ಲೇ ಪ್ರತಿ ಕಾರ್ತಿಕದಲ್ಲೂ ಹತ್ತಿಹಾಲು ಕುಡಿದಿದ್ದೆ. ಎರಡೂ ಒಂದೇ ಹತ್ತಿ ಎಂದು ಒಂದು ದಿನವೂ ಹೊಳೆಯಲಿಲ್ಲ.

"ನೀನು ನಾಟಿ ಅಂದಿದ್ದೆ," ಎಂದೆ ತಮ್ಮನಿಗೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

"ನಾ ಎಲ್ಲಿ ಅಂದೆ? ನೀ ಬತ್ತಿಗೆ ಅತ್ತಿ ತಕ್ಕಂಬಾ ಅಂದೆ, ತಂದೆ. ಬತ್ತಿಗೆ ಯಾವ್ದಾದ್ರೇನು, ಉರೀತದಲ್ವಾ. ನಾಟಿ ಅತ್ತಿ ಈಗ ಎಲ್ಲದಕ್ಕ? ನಮ್ಮೂರಲ್ಲಿ ಯಾರ್ ಹೊಲ್ದಲ್ಲೂ ಇಲ್ಲ. ನಮ್ಮಪ್ಪನ ಕಾಲ್ಕೇ ಮುಗೀತು ಅದು."

"ಯಾವಾಗಿಂದ?"

"ಏನು ಯಾವಾಗಿಂದ?"

"ಯಾವಾಗಿಂದ ನೀನು ಇದನ್ನ ಹಾಕ್ತಿರೋದು?"

ಅವನು ಯೋಚಿಸಿದ. "ಪಾಪು ಸ್ಕೂಲಿಗೋಯ್ತಿದ್ದಾಗ," ಎಂದ. ಪಾಪು ಎಂದರೆ ನನ್ನ ಮಗಳು. ಈಗ ಅವಳ ತೊಡೆಯ ಮೇಲೆ ಇನ್ನೊಂದು ಪಾಪು.

ನಾನು ಸ್ಟೂಲಿನ ಮೇಲೆ ಕೂತೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ಹಾಗೆ ನನಗೊಂದು ನೆನಪಾಯಿತು. ಬಿಟಿ ಹತ್ತಿಯ ಸುತ್ತ ಒಂದಷ್ಟು ಸಾಲು ಸಾದಾ ಹತ್ತಿ ಹಾಕಬೇಕು, ಅದಕ್ಕೆಂದೇ ಬೀಜದ ಜೊತೆ ಒಂದು ಸಣ್ಣ ಪೊಟ್ಟಣ ಕೊಡುತ್ತಿದ್ದರು ಎಂದು ಎಲ್ಲೋ ಓದಿದ್ದೆ. "ನೀನು ತಂದದ್ದು ಆ ಅಂಚಿನ ಸಾಲಿನದ್ದೇ ಇರ್ಬೋದಲ್ವೇನೋ?" ಎಂದು ಕೇಳಿದೆ. ಕೇಳುವಾಗಲೇ ಹೌದು ಅನ್ನಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಆ ಪೊಟ್ಣನಾ? ಅದ್ನ ಯಾರಕ್ಕ ಹಾಕ್ತಾರೆ? ಹುಳ ಬಂದು ತಿಂದೋಯ್ತದೆ." ಆಮೇಲೆ ನನ್ನ ಮುಖ ನೋಡಿ ಹೆದರಿದ. "ಬುಡಕ್ಕ, ಏನೂ ಆಗಲ್ಲ. ನಮ್ಮ ದನ ಎಲ್ಲಾ ಅದ್ನೇ ತಿಂತಾವೆ. ಚೆನ್ನಾಗಿ ಹಾಲು ಕೊಡ್ತಾವೆ."

ಅವನು ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಇನ್ನೊಂದು ಏಟಾಯಿತು. ಅವನು ಬಂದಾಗಲೆಲ್ಲ ಕ್ಯಾನಿನಲ್ಲಿ ಹಾಲು ತರುತ್ತಿದ್ದ, ನಾಟಿ ಹಸುವಿನ ಹಾಲು ಎಂದು ನಾನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ. ಹಸು ನಾಟಿಯೇ. ಅದು ತಿನ್ನುವುದೇನು ಎಂದು ಯಾರು ಕೇಳಿದ್ದರು.

ಅವನು ಹೋದ ಮೇಲೆ ಪಾತ್ರೆಯಲ್ಲಿದ್ದ ಹಾಲನ್ನು ಸಿಂಕಿಗೆ ಸುರಿದೆ. ಡಬ್ಬದಲ್ಲಿದ್ದ ಕಾಳನ್ನು ಕವರಿಗೆ ಹಾಕಿ ಬಾಯಿ ಕಟ್ಟಿದೆ. ಆಮೇಲೆ ಸುಮ್ಮನಿರಲಾರದೆ ಕಪಾಟು ತೆಗೆದೆ. ಗಂಡ ಸಂಜೆ ಕಾಫಿಗೆ ಎಂದು ತಂದಿಟ್ಟಿದ್ದ ಖಾರಾ ಮಿಕ್ಸ್ಚರ್ ಪೊಟ್ಟಣ ಕಣ್ಣಿಗೆ ಬಿತ್ತು. ಅದನ್ನು ಎಷ್ಟೋ ಸಲ ಓದಿದ್ದೆ, ಕುಲಾಂತರಿ ಎಂಬ ಪದ ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ, ಅದಕ್ಕೇ ತಿಂದಿದ್ದೆ. ಈಗ ಕನ್ನಡಕ ಹಾಕಿಕೊಂಡು ಬೇರೆ ಪದ ಹುಡುಕಿದೆ. ಸಾಸಿವೆಕಾಳಿನಷ್ಟು ಅಕ್ಷರದಲ್ಲಿತ್ತು, ಕಾಟನ್‌ಸೀಡ್ ಆಯಿಲ್. ಹತ್ತಿಬೀಜದ ಎಣ್ಣೆ. ಅದು ಮುಚ್ಚಿಟ್ಟ ವಿಷಯವೇ ಆಗಿರಲಿಲ್ಲ. ಬರೆದೇ ಇತ್ತು. ನಾನು ಓದಿಯೂ ಓದಿರಲಿಲ್ಲ.

ಪೊಟ್ಟಣವನ್ನು ಕಾಳಿನ ಕವರಿನ ಪಕ್ಕಕ್ಕೆ ಎಸೆದೆ. ಭಯಕ್ಕೋ ಅವಮಾನಕ್ಕೋ ಗೊತ್ತಾಗಲಿಲ್ಲ. ನಮ್ಮನ್ನು ಒಂದು ಮಾತು ಕೇಳದೆ ನಮ್ಮ ಬಾಯಿಗೆ ತಂದು ಇಟ್ಟರಲ್ಲ ಎಂಬ ಸಿಟ್ಟು ಒಂದು ಕಡೆ. ಬಾಯಿಗೆ ಇಟ್ಟವಳು ನಾನೇ ಅಲ್ಲವೇ ಎಂಬುದು ಇನ್ನೊಂದು ಕಡೆ. ಹೋದ ವರ್ಷದ ಕಾರ್ತಿಕದಲ್ಲಿ ಸಂತೆಗೆ ಒಂದು ದೊಡ್ಡ ಡಬರಿ ಹತ್ತಿಹಾಲು ಒಯ್ದು, ಮರೆತುಹೋದ ನಮ್ಮ ಪಾನೀಯ ಎಂದು ಭಾಷಣ ಮಾಡಿ ಎಲ್ಲರಿಗೂ ಹಂಚಿದ್ದೆ. ಹಂಚಿದ್ದು ನನ್ನ ಬೋರ್ಡಿನ ಕೆಳಗೇ ನಿಂತು.

ಮಾರನೇ ದಿನ ಬೆಳಿಗ್ಗೆ ಮಗಳಿಗೆ ಸಬ್ಬಕ್ಕಿ ಗಂಜಿ ಕಾಯಿಸಿಕೊಟ್ಟೆ. ಅವಳು ಲೋಟದೊಳಗೆ ನೋಡಿದಳು.

"ಹತ್ತಿಹಾಲು ಇಲ್ವಾ ಇವತ್ತು?"

"ಕಾಳು ಮುಗೀತು ಕಣೇ," ಎಂದೆ.

ಅವಳು ಗಂಜಿ ಕುಡಿದು ಮಗುವನ್ನು ಎದೆಗೆ ಹಾಕಿಕೊಂಡಳು. ನಾನು ಮಗುವಿನ ಬಟ್ಟೆ ಮಡಿಚುತ್ತಾ ಕೂತೆ. ಹೇಳಬೇಕು. ಹೇಳಿದರೆ ಷರತ್ತು ಮುರಿದ ಹಾಗೆ. ಹೇಳದಿದ್ದರೆ, ನನ್ನ ಮಗಳಿಗೆ ನಾನೇ ತಿನ್ನಬಾರದು ಎಂದು ಊರಿಗೆಲ್ಲ ಸಾರಿದ್ದನ್ನು ಕುಡಿಸಿ ಬಾಯಿ ಮುಚ್ಚಿಕೊಂಡ ಹಾಗೆ. ಮಗು ಅವಳ ಎದೆ ಕುಡಿಯುತ್ತಿತ್ತು. ಪ್ರತಿ ಗುಟುಕೂ ನನಗೆ ಕೇಳಿಸುತ್ತಿತ್ತು. ಮಂಡಕಳ್ಳಿಯಿಂದ ಹೊರಟ ವಿಮಾನ ಮನೆಯ ಮೇಲೆ ಸದ್ದು ಮಾಡುತ್ತಾ ಹೋಯಿತು, ಮಗು ಒಂದು ಕ್ಷಣ ಬೆಚ್ಚಿ ಮತ್ತೆ ಕುಡಿಯತೊಡಗಿತು.

"ಮಾವ ಹೇಳಿದ್ರಾ?" ಎಂದಳು ಮಗಳು.

ನನ್ನ ಕೈಯಲ್ಲಿದ್ದ ಅಂಗಿ ಹಾಗೇ ಉಳಿಯಿತು. "ಏನು?"

"ಹತ್ತಿ ಬಿಟೀದು ಅಂತ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ಯಾವತ್ತಿಂದಲೋ ಗೊತ್ತು. ಒಂದ್ಸಲ ಕಾಳು ತಗೊಂಡೋಗಿ ಲ್ಯಾಬಲ್ಲಿ ನೋಡಿದ್ದೆ."

ಗೊತ್ತಿತ್ತು. ಗೊತ್ತಿದ್ದೂ ದಿನಾ ಲೋಟ ಕೈಗೆ ತೆಗೆದುಕೊಂಡಿದ್ದಳು. ನಾನು ಅಂಗಿ ಬದಿಗಿಟ್ಟೆ. "ಮತ್ತೆ ಯಾಕೆ ಕುಡಿದೆ? ಮಗೂಗೆ ಹಾಲು ಕೊಡ್ತಾ ಇದ್ದೀಯ, ಗೊತ್ತಿದ್ದೂ ಕುಡಿತಾರೇನೇ?"

ಅವಳು ತಲೆ ತಗ್ಗಿಸಿದಳು. "ಕುಡೀಲಿಲ್ಲಮ್ಮ. ನಿಂಗೆ ಬೇಜಾರಾಗ್ಬಾರ್ದು ಅಂತ ಮೂರು ದಿನ ಕುಡಿದೆ. ಆಮೇಲಿಂದು ಬಚ್ಚಲಿಗೆ ಸುರೀತಿದ್ದೆ."

ಆಗ ನನಗೆ ಲೋಟ ನೆನಪಾಯಿತು. ಆ ಕೋಣೆಗೆ ಹೊಂದಿಕೊಂಡೇ ಬಚ್ಚಲಿದೆ. ದಿನಾ ಅವಳು ಲೋಟವನ್ನು ತೊಳೆದೇ ಹೊರಗೆ ಕಳಿಸುತ್ತಿದ್ದಳು. ಬಾಣಂತಿ ತಣ್ಣೀರು ಮುಟ್ಟಬಾರದು ಎಂದು ನಾನು ಬೈದೇ ಬೈದಿದ್ದೆ. ತೊಳೆದ ಲೋಟ ನೋಡಿ, ಮದುವೆಯಾದ ಮೇಲೆ ಅಚ್ಚುಕಟ್ಟು ಕಲಿತಳು ಎಂದು ಗಂಡನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೂ ಇದ್ದೆ.

ಅವಳು ಕುಡಿಯಲಿಲ್ಲವಲ್ಲ ಎಂದು ಒಂದು ಕ್ಷಣ ಎದೆ ಹಗುರವಾಯಿತು. "ಅಂದ್ರೆ ನಿಂಗೂ ಬಿಟಿ ಅಂದ್ರೆ ಭಯ ಇದೆ," ಎಂದೆ. ಆ ಹೊತ್ತಿನಲ್ಲೂ ನನಗೆ ಗೆಲ್ಲುವ ಆಸೆ, ನೋಡಿ ನನ್ನ ಬುದ್ಧಿ.

"ಬಿಟಿಗೆ ಹೆದರಿ ಅಲ್ಲಮ್ಮ." ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. "ಹತ್ತಿಕಾಳು ಒಡೆದ್ರೆ ಒಳಗೆ ಕಪ್ಪು ಚುಕ್ಕಿ ಕಾಣುತ್ತಲ್ಲ?"

ಕಾಣುತ್ತದೆ. ಅವ್ವ ಅದನ್ನು ಹತ್ತಿಯ ಕಣ್ಣು ಎನ್ನುತ್ತಿದ್ದಳು.

"ಅದರಲ್ಲೊಂದು ವಿಷ ಇರುತ್ತೆ. ಹುಳ ತಿನ್ನದಿರ್ಲಿ ಅಂತ ಗಿಡನೇ ಮಾಡ್ಕೊಳ್ಳೋದು. ಬಿಟೀಲೂ ಇದೆ, ನಾಟೀಲೂ ಇತ್ತು. ಹಸು ಒಂದಷ್ಟು ತಡ್ಕೊಳ್ಳುತ್ತೆ, ಅದರ ಹೊಟ್ಟೆ ಬೇರೆ ಥರ. ಮನುಷ್ಯರು ದಿನಾ ಕುಡಿಯೋದು ಒಳ್ಳೇದಲ್ಲ. ಚೆನ್ನಾಗಿ ಕುದಿಸಿದ್ರೆ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ಎಣ್ಣೆ ಮಾಡೋರು ಅದನ್ನ ತೆಗೆದು ಶುದ್ಧಿ ಮಾಡ್ತಾರೆ, ನಾವು ಮನೇಲಿ ತೆಗೆಯೋಕಾಗಲ್ಲ. ಡಾಕ್ಟ್ರನ್ನ ಫೋನಲ್ಲಿ ಕೇಳ್ದೆ, ಮೂರು ದಿನಕ್ಕೆ ಏನಾಗಲ್ಲ, ನಿಲ್ಸಿ ಅಂದ್ರು."

ಅವಳು ಮೊದಲ ದಿನ ಚಿಕ್ಕ ಲೋಟದಲ್ಲೇ ಕೊಡು ಎಂದದ್ದು, ಅಡುಗೆಮನೆಗೆ ಕೇಳುವ ಹಾಗೆ, "ಇನ್ನೊಂದು ಕುದಿ ಬರ್ಲಿ ಅಮ್ಮ," ಎಂದು ಕೂಗಿದ್ದು ಎಲ್ಲ ಒಂದೊಂದಾಗಿ ಜೋಡಣೆಯಾಯಿತು. ನಾನು ಬಾಣಂತಿಯ ನಖರಾ ಎಂದುಕೊಂಡು ನಕ್ಕಿದ್ದೆ.

ನನ್ನ ಕಾಲ ಕೆಳಗಿನ ನೆಲ ಎರಡನೇ ಸಲ ಕುಸಿಯಿತು. ಕಂಪನಿಯವರು ಸೇರಿಸಿದ್ದನ್ನು ಹಿಡಿಯಲು ನಾನು ಊರೆಲ್ಲ ದೀಪ ಹಿಡಿದು ಓಡಾಡಿದ್ದೆ. ಅವ್ವನ ಕೈಯಿಂದ ಬಂದದ್ದರಲ್ಲಿ ಏನಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ನಾಟಿ ಎಂದರೆ ಅಮೃತ ಎಂದೇ ತಿಳಿದಿದ್ದೆ. ಹೊಸದನ್ನು ನಂಬಬೇಕು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆದರೆ ಹಳೆಯದನ್ನು ನಾನು ನಂಬಿದ್ದೂ ತಿಳಿದು ನಂಬಿದ್ದಲ್ಲ.

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದೆ. ಸಿಟ್ಟಿನಿಂದ ಹೇಳಬೇಕೆಂದಿದ್ದೆ, ಅಳು ಬಂತು. "ದಿನಾ ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ಹಿಂಡಿ..."

"ನಾನೇ ಷರತ್ತು ಹಾಕಿದ್ನಲ್ಲಮ್ಮ, ಆ ಮಾತು ಎತ್ತಬಾರ್ದು ಅಂತ. ನಾನೇ ಎತ್ತೋದಾ?"

"ಅದು ನೆಪ ಕಣೇ."

ಅವಳು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು. "ಹೌದು, ನೆಪ. ಹೇಳಿದ್ರೆ ಮತ್ತೆ ಕೂರಿಸ್ತೀಯ ಅನ್ನಿಸ್ತು. ಬಚ್ಚಲಿಗೆ ಸುರಿಯೋದೇ ಸುಲಭ ಆಯ್ತು."

ಇದಕ್ಕಿಂತ ದೊಡ್ಡ ಮಾತು ನಾನು ಈ ಬದುಕಿನಲ್ಲಿ ಕೇಳಿಲ್ಲ. ಹಸುಗೂಸಿನ ತಾಯಿ, ನನ್ನದೇ ಮನೆಯಲ್ಲಿ, ಇದು ಬೇಡ ಎಂಬ ಒಂದು ಮಾತನ್ನು ತನ್ನ ಅಮ್ಮನಿಗೆ ಹೇಳಲಾರದೆ, ಹಸಿ ಮೈಯಲ್ಲಿ ಎದ್ದು ಬಚ್ಚಲಿಗೆ ಹೋಗಿ ಲೋಟ ತೊಳೆದಿದ್ದಳು. ಸಭೆಯಲ್ಲಿ ಒಂದು ಸಲ ಕೂರಿಸಿದ್ದಕ್ಕೆ ಎರಡು ವರ್ಷ ಎದ್ದಿರಲಿಲ್ಲ.

"ಅವತ್ತು ಏನು ಕೇಳೋಕೆ ಎದ್ದಿದ್ದೆ?" ಎಂದು ಕೇಳಿದೆ.

"ಬಿಡಮ್ಮ ಈಗ್ಯಾಕೆ."

"ಹೇಳೇ."

"ನಮ್ಮನೇಲಿ ಕಾರ್ತಿಕಕ್ಕೆ ಕುಡಿಯೋ ಹತ್ತಿಹಾಲು ಯಾವ ಹತ್ತೀದು ಅಂತ ಮಾವನ್ನ ಕೇಳಿದ್ಯಾ ಅಂತ. ಅಷ್ಟೇ."

ಅಷ್ಟೇ. ಅವಳಿಗೆ ಉತ್ತರ ಗೊತ್ತಿತ್ತು, ನಾನೇ ತಮ್ಮನನ್ನು ಕೇಳಿ ತಿಳಿಯಲಿ ಎಂದು ಎದ್ದಿದ್ದಳು. ನಾನು ಅವಳ ಸಂಬಳ ಯಾರ ಕೈಯಿಂದ ಬರುತ್ತದೆ ಎಂದು ಕೇಳಿ ಜನರನ್ನು ನಗಿಸಿದ್ದೆ. ಆಮೇಲೆ ಎರಡು ಕಾರ್ತಿಕ ಕುಡಿದೆವು. ಮೂರನೆಯದನ್ನು ಅವಳಿಗೇ ಕುಡಿಸಿದೆ.

ಭಾನುವಾರ ಬಂತು. ಗಂಡ, "ಈ ವಾರ ಬುಡು, ಮನೇಲಿ ಬಾಣಂತಿ ಇದ್ದಾಳೆ," ಎಂದರು. ನಾನು ಬಿಡಲಿಲ್ಲ. ಆಟೋ ಹಿಡಿದು ಅಗ್ರಹಾರಕ್ಕೆ ಹೋದೆ. ಸಂತೆ ಮುಗಿಯುವ ಹೊತ್ತಿಗೆ ನಾವೆಲ್ಲ ಛತ್ರದ ಒಳಗೆ ಸೇರಿ ಒಂದಿಷ್ಟು ಮಾತಾಡುವುದು ರೂಢಿ. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ತಮ್ಮನ ಹೊಲ, ಬತ್ತಿ ಹತ್ತಿ, ಹೋದ ವರ್ಷ ನೀವೆಲ್ಲ ಕುಡಿದ ಆ ಡಬರಿ. ಕಾಳಿನೊಳಗಿನ ಕಪ್ಪು ಚುಕ್ಕಿಯನ್ನೂ ಬಿಡಲಿಲ್ಲ. ಒಂದು ಮುಷ್ಟಿ ಕಾಳು ಒಯ್ದಿದ್ದೆ, 'ಒಡೆದು ನೋಡಿ' ಎಂದು ಮೇಜಿನ ಮೇಲಿಟ್ಟೆ. ನಾನು ನಿಮಗೆ ತಪ್ಪು ಹೇಳಿದ್ದೆ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಬಹುಶಃ ಅದೇ ಮೊದಲು.

ಯಾರೂ ಕಾಳು ಮುಟ್ಟಲಿಲ್ಲ. ಪಕ್ಕದಲ್ಲಿ ಜೇನು ಮಾರುವವರು ನನ್ನ ಸೆರಗು ಜಗ್ಗಿ, "ಸುಮ್ನಿರಿ ಮೇಡಂ, ಯಾರಿಗೂ ಗೊತ್ತಿರ್ಲಿಲ್ಲ, ನೀವ್ಯಾಕೆ ಹೇಳಕ್ಕೆ ಹೋದ್ರಿ," ಎಂದು ಪಿಸುಗುಟ್ಟಿದರು. ನಾನು ಅವರ ಕೈ ಬಿಡಿಸಿಕೊಂಡೆ.

"ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

"ನನ್ನ ಮಗಳು," ಎಂದೆ.

ಅವರು ಎದ್ದು ನಿಂತರು. ಎರಡು ವರ್ಷದ ಹಿಂದೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದವರು. "ನಿಮ್ಮ ಮಗಳ ಲ್ಯಾಬಿಗೆ ಯಾರು ದುಡ್ಡು ಕೊಡ್ತಾರೆ ಅಂತ ಮೊದ್ಲು ಹೇಳಿ ಮೇಡಂ, ಆಮೇಲೆ ಮಿಕ್ಕಿದ್ದು," ಎಂದರು.

ಅದು ನನ್ನದೇ ಮಾತು. ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಸಭೆಯೆಲ್ಲ ಅವತ್ತಿನಷ್ಟೇ ನಕ್ಕಿತು. ಹೇಳಲು ನನ್ನ ಹತ್ತಿರ ಇನ್ನೂ ಮಾತಿತ್ತು. ನಾನು ಕೂತುಕೊಂಡೆ.